ಗದ್ದಲದಿಂದ ವಿದ್ಯುತ್ತು: ಎಷ್ಟು ಸಿಕ್ಕೀತು?

ಮೇಜಿನ ಮೇಲೆ ಇಟ್ಟಿರುವ ಈ ಬಾಟಲಿಯನ್ನು ಮೊದಲು ನೋಡಿಬಿಡಿ. ಇದು ಒಂದು ಲೀಟರಿನ ನೀರಿನ ಬಾಟಲಿ. ತಳದಲ್ಲಿ ಎರಡು ಸೆಂಟಿಮೀಟರ್ ಅಗಲದ ತೂತು ಕೊರೆದು, ಅದಕ್ಕೆ ಮುಚ್ಚಳದಂತೆ ಒಂದು ಪೀಜೋ ಬಿಲ್ಲೆಯನ್ನು, ಎಂದರೆ ಒತ್ತಿದರೆ ಇಲ್ಲವೇ ಬಾಗಿಸಿದರೆ ವಿದ್ಯುತ್ತು ಹುಟ್ಟಿಸುವ ಬಿಲ್ಲೆಯನ್ನು, ಅಂಟಿಸಿದ್ದೇನೆ. ಆಟಿಕೆಗಳಲ್ಲೂ ಅಲಾರಾಂಗಳಲ್ಲೂ ಬೀಪ್ ಸದ್ದು ಹೊರಡಿಸುವ ಹಿತ್ತಾಳೆಯ ಬಿಲ್ಲೆ ಇದೇ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಕಾಫಿಯ ಬೆಲೆಗೆ ಸಿಗುತ್ತದೆ. ಬಿಲ್ಲೆಯಿಂದ ಹೊರಟ ಎರಡು ತಂತಿಗಳು ನಾಲ್ಕು ಜರ್ಮೇನಿಯಂ ಡಯೋಡುಗಳ ಮೂಲಕ ವಿದ್ಯುತ್ತನ್ನು ಕೂಡಿಡುವ 100 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರನ್ನು ಸೇರುತ್ತವೆ. ನಾನು ಮಾತನಾಡುವ ಸದ್ದು, ನೀವು ಕೆಮ್ಮುವ ಸದ್ದು, ಹೊರಗಿನ ರಸ್ತೆಯ ಹಾರನ್ನು, ಎಲ್ಲವೂ ಈ ಹೊತ್ತಿನಿಂದ ಆ ಕೆಪಾಸಿಟರಿಗೆ ಜಮೆಯಾಗುತ್ತಾ ಹೋಗಬೇಕು. ಮೀಟರನ್ನು ಸದಾ ಜೋಡಿಸಿಟ್ಟರೆ ಕೂಡಿದ್ದನ್ನು ಅದೇ ಸೋರಿಸಿಬಿಡುತ್ತದೆ; ಆದ್ದರಿಂದ ಉಪನ್ಯಾಸ ಮುಗಿದ ಮೇಲಷ್ಟೇ ಅದನ್ನು ಮುಟ್ಟಿಸಿ ನೋಡೋಣ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಒಂದಾದರೂ ಮಾದರಿ ಇದೇ ಆಗಿರುತ್ತದೆ: ರಸ್ತೆಯ ಗದ್ದಲದಿಂದ ಬೀದಿದೀಪ. ಥರ್ಮೋಕೋಲಿನ ಮೇಲೆ ರಸ್ತೆ, ಅಂಚಿನಲ್ಲಿ ಒಂದು ಹಾರನ್ನು, ಅದರೆದುರಿಗೆ ಒಂದು ಸ್ಪೀಕರು, ಸ್ಪೀಕರಿನ ತಂತಿಗೆ ಒಂದು ಎಲ್‌ಇಡಿ. ಹುಡುಗಿ ಗುಂಡಿ ಒತ್ತುತ್ತಾಳೆ, ಹಾರನ್ನು ಕಿರುಚುತ್ತದೆ, ಎಲ್‌ಇಡಿ ಮಿನುಗುತ್ತದೆ, ಸುತ್ತ ನಿಂತ ಪೋಷಕರು ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ, ದೀಪ ನಿಜವಾಗಿಯೇ ಹೊತ್ತುತ್ತದೆ. ಆದರೆ ಮೇಜಿನ ಕೆಳಗೆ ಕೂತಿರುವ 12 ವೋಲ್ಟಿನ ಬ್ಯಾಟರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದ್ವಿಚಕ್ರ ವಾಹನದ ಹಾರನ್ನು ಎರಡು ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಖರ್ಚು 24 ವ್ಯಾಟ್. ಕಣ್ಣಿಗೆ ಕಾಣುವಷ್ಟು ಎಲ್‌ಇಡಿ ಬೆಳಗಲು ಬೇಕಾದದ್ದು 2 ಮಿಲಿವ್ಯಾಟ್. ಹನ್ನೆರಡು ಸಾವಿರ ಕೊಟ್ಟು ಒಂದು ಪಡೆದ ವ್ಯಾಪಾರ ಅದು. ಮಕ್ಕಳ ಉತ್ಸಾಹವನ್ನು ಕುಗ್ಗಿಸುವ ಮನಸ್ಸು ನನಗಿಲ್ಲ. ಅವರಿಗೆ ಲೆಕ್ಕ ಹಾಕುವುದನ್ನು ಕಲಿಸದೆ ಬಹುಮಾನ ಕೊಟ್ಟು ಕಳುಹಿಸುವ ನಮ್ಮ ಮೇಲೆ ಮಾತ್ರ ಬೇಸರವಿದೆ.

ಹಾಗಾದರೆ ಲೆಕ್ಕ ಹಾಕೋಣ. ನಮ್ಮನ್ನು ದಾರಿ ತಪ್ಪಿಸುವ ಮೊದಲ ವಸ್ತು ಡೆಸಿಬೆಲ್ ಎಂಬ ಅಳತೆ. 60 ಡೆಸಿಬೆಲ್ ಎಂದರೆ ಸಾಧಾರಣ ಮಾತುಕತೆ, 120 ಡೆಸಿಬೆಲ್ ಎಂದರೆ ಕಿವಿ ನೋಯುವ ಸದ್ದು; ಸಂಖ್ಯೆ ಎರಡರಷ್ಟಾಯಿತು, ಸದ್ದೂ ಎರಡರಷ್ಟಿರಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ ಈ ಅಳತೆಯಲ್ಲಿ ಪ್ರತಿ 10 ಡೆಸಿಬೆಲ್ ಏರಿದಾಗಲೂ ಶಕ್ತಿ ಹತ್ತು ಪಟ್ಟಾಗುತ್ತದೆ. ಹೀಗಾಗಿ 60ಕ್ಕೂ 120ಕ್ಕೂ ನಡುವೆ ಇರುವುದು ಹತ್ತು ಲಕ್ಷ ಪಟ್ಟಿನ ಅಂತರ. ಚದರ ಮೀಟರೊಂದರ ಮೇಲೆ ಬೀಳುವ ಶಕ್ತಿಯನ್ನು ನೋಡಿದರೆ, 120 ಡೆಸಿಬೆಲ್‌ನಲ್ಲಿ ಅದು 1 ವ್ಯಾಟ್, 60 ಡೆಸಿಬೆಲ್‌ನಲ್ಲಿ ಒಂದು ಮೈಕ್ರೋವ್ಯಾಟ್, ಅಂದರೆ ವ್ಯಾಟಿನ ಹತ್ತು ಲಕ್ಷದ ಒಂದು ಪಾಲು. ಇನ್ನೂ ಕೆಳಗಿಳಿದು ಸೊನ್ನೆ ಡೆಸಿಬೆಲ್‌ಗೆ ಬಂದರೆ, ಆರೋಗ್ಯವಂತ ಕಿವಿಗೆ ಕೇಳಿಸುವ ಅತ್ಯಂತ ಕ್ಷೀಣ ಸದ್ದು ಚದರ ಮೀಟರಿಗೆ ವ್ಯಾಟಿನ ಲಕ್ಷ ಕೋಟಿಯ ಒಂದು ಪಾಲು. ಇಷ್ಟು ಅಲ್ಪವಾದದ್ದೂ ಕಿವಿಗೆ ಕೇಳಿಸುತ್ತದೆ ಎಂಬುದು ಕಿವಿಯ ಹೆಚ್ಚುಗಾರಿಕೆ. ಅದನ್ನು ನಾವು ಸದ್ದಿನ ಹೆಚ್ಚುಗಾರಿಕೆ ಎಂದು ತಿಳಿದುಕೊಂಡಿದ್ದೇವೆ. ಈ ಸಂಜೆ ನಾನು ಹೇಳಬೇಕೆಂದಿರುವುದರ ಬೇರು ಇಲ್ಲಿದೆ.

ದಟ್ಟ ಸಂಚಾರದ ರಸ್ತೆಯ ಅಂಚನ್ನು 80 ಡೆಸಿಬೆಲ್ ಎಂದು ಇಟ್ಟುಕೊಳ್ಳಿ. ಅಲ್ಲಿ ಒಂದು ಚದರ ಮೀಟರಿಗೆ ಬೀಳುವುದು 0.1 ಮಿಲಿವ್ಯಾಟ್. ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಬ್ಯಾಟರಿಯಲ್ಲಿ ಸುಮಾರು 15 ವ್ಯಾಟ್-ಗಂಟೆ, ಅಂದರೆ 54,000 ಜೂಲ್ ಹಿಡಿಸುತ್ತದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಹಲಗೆಯೊಂದು ತನ್ನ ಮೇಲೆ ಬಿದ್ದ ಸದ್ದನ್ನೆಲ್ಲ ಒಂದಿಷ್ಟೂ ಸೋರದಂತೆ ವಿದ್ಯುತ್ತಾಗಿಸುತ್ತದೆ ಎಂದು ಭಾವಿಸಿದರೂ, ರಸ್ತೆ ಹಗಲಿರುಳು ಅಷ್ಟೇ ಗದ್ದಲವೆಬ್ಬಿಸುತ್ತದೆ ಎಂದು ಭಾವಿಸಿದರೂ, ಆ ಬ್ಯಾಟರಿ ಒಮ್ಮೆ ತುಂಬಲು 17 ವರ್ಷ ಬೇಕು. ಅದೇ ಹಲಗೆಯ ಮೇಲೆ ನಡುಹಗಲಿನಲ್ಲಿ ಬೀಳುವ ಬಿಸಿಲು ಸುಮಾರು 1,000 ವ್ಯಾಟ್, ಎಂದರೆ ಸದ್ದಿನ ಒಂದು ಕೋಟಿ ಪಟ್ಟು.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್ ಎಂದು ಅವು ಹೇಳುತ್ತವೆ. ಮೂವತ್ತು-ನಲವತ್ತರ ಸೈಟಿನ ಇಡೀ ವಿಸ್ತೀರ್ಣಕ್ಕೆ ಒಂದು ಪರದೆ ಕಟ್ಟಿ, ಕಾನೂನು ಒಪ್ಪುವಷ್ಟು ಸದ್ದನ್ನು ಪೂರ್ತಿಯಾಗಿ ಹಿಡಿದರೆ ಸಿಗುವುದು ಸುಮಾರು 35 ಮೈಕ್ರೋವ್ಯಾಟ್. ಕೆಲವು ಕೈಗಡಿಯಾರಗಳು ನಡೆದಾವು.

ಸದ್ದು ಹುಟ್ಟುವ ಜಾಗದಲ್ಲಿಯೇ ಹಿಡಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ನೆನಪಿಗೆ ತಂದುಕೊಳ್ಳಿ. ಒಬ್ಬ ಮನುಷ್ಯ ಸಾಧಾರಣವಾಗಿ ಮಾತನಾಡುವಾಗ ಬಾಯಿಂದ ಹೊರಡುವ ಶಬ್ದಶಕ್ತಿ ಸುಮಾರು 10 ಮೈಕ್ರೋವ್ಯಾಟ್. ಗಂಟಲು ಹರಿಯುವಂತೆ ಕೂಗಿದರೆ ಒಂದು ಮಿಲಿವ್ಯಾಟ್ ಆಸುಪಾಸು. ಕೊನೆಯ ಚೆಂಡಿಗೆ ಸಿಕ್ಸರ್ ಹೋಯಿತು, 40,000 ಜನ ಒಟ್ಟಿಗೆ ಎದ್ದುನಿಂತು ಕೂಗಿದರು ಎನ್ನಿ. ಒಟ್ಟು 40 ವ್ಯಾಟ್. ಆ ಇಡೀ ಜನಸಾಗರದ ಹರ್ಷೋದ್ಗಾರ, ಒಂದು ಹನಿಯೂ ಚೆಲ್ಲದಂತೆ ಹಿಡಿದರೆ, ಒಂದು ಸೀಲಿಂಗ್ ಫ್ಯಾನನ್ನು ತಿರುಗಿಸೀತು, ಅದೂ ಕೂಗು ನಿಲ್ಲುವವರೆಗೆ. ಅದೇ ಕ್ರೀಡಾಂಗಣದ ಮಾಡಿನ ಮೇಲೆ 2015ರಲ್ಲಿ ಹಾಕಿದ ಸೌರಫಲಕಗಳ ಸಾಮರ್ಥ್ಯ ಸುಮಾರು 400 ಕಿಲೋವ್ಯಾಟ್.

ಹೆದ್ದಾರಿಯ ಶಬ್ದತಡೆ ಗೋಡೆಗೂ ಇದೇ ಲೆಕ್ಕ ಹೊಂದುತ್ತದೆ. ನಾಲ್ಕು ಮೀಟರ್ ಎತ್ತರ, ಒಂದು ಕಿಲೋಮೀಟರ್ ಉದ್ದದ ಗೋಡೆಗೆ 80 ಡೆಸಿಬೆಲ್ ಬಡಿಯುತ್ತಿದ್ದರೆ ಒಟ್ಟು ಶಕ್ತಿ 0.4 ವ್ಯಾಟ್. ಸ್ವಿಟ್ಜರ್ಲೆಂಡಿನವರು 1989ರಲ್ಲಿ ಡೊಮಾಟ್-ಎಮ್ಸ್ ಎಂಬಲ್ಲಿ ಎ13 ಹೆದ್ದಾರಿಯ ಅಂಚಿಗೆ ಅಂಥದೇ ಗೋಡೆಯ ಮೇಲೆ ಸೌರಫಲಕ ಕೂರಿಸಿ 100 ಕಿಲೋವ್ಯಾಟಿನ ಸ್ಥಾವರ ಮಾಡಿಕೊಂಡರು. ಸದ್ದನ್ನು ತಡೆಯುವ ಕೆಲಸ ಗೋಡೆಯದು, ವಿದ್ಯುತ್ತು ಕೊಡುವ ಕೆಲಸ ಬಿಸಿಲಿನದು ಎಂದು ಅವರು ಹಂಚಿಬಿಟ್ಟಿದ್ದರು. ನನಗೆ ಆ ವಿವೇಕ ಬಹಳ ಹಿಡಿಸುತ್ತದೆ.

ಇನ್ನು ಪರಿವರ್ತನೆಯ ಮಾತಿಗೆ ಬರೋಣ. ಈ ಬಿಲ್ಲೆಯ ಗುಣವನ್ನು ಕಂಡವರು ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು, 1880ರಲ್ಲಿ. ಸ್ಫಟಿಕಶಿಲೆ, ಟೂರ್ಮಲೀನ್, ರೋಷೆಲ್ ಲವಣ ಮುಂತಾದ ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುದಾವೇಶ ಮೂಡುತ್ತದೆ ಎಂದು ಅವರು ತೋರಿಸಿದರು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನೊಳಗೆ ಇದೇ ನಡೆಯುತ್ತದೆ. ಟಕ್ಕೆಂದು ಸ್ಪ್ರಿಂಗಿನ ಪುಟ್ಟ ಸುತ್ತಿಗೆ ಹರಳಿಗೆ ಬಡಿದಾಗ ಸಾವಿರಾರು ವೋಲ್ಟ್ ಎದ್ದು ಕಿಡಿ ಹಾರುತ್ತದೆ. ಅಲ್ಲಿ ಬಡಿಯುವುದು ನಿಮ್ಮ ಹೆಬ್ಬೆರಳಿನ ಬಲ. ಸದ್ದಿನ ಬಲ ಎಷ್ಟೆಂದರೆ, 94 ಡೆಸಿಬೆಲ್‌ನಷ್ಟು ಜೋರಾದ ಸದ್ದು ಗಾಳಿಯಲ್ಲಿ ಎಬ್ಬಿಸುವ ಒತ್ತಡದ ಏರಿಳಿತ ಒಂದು ಪಾಸ್ಕಲ್. ವಾತಾವರಣದ ಒತ್ತಡ ಒಂದು ಲಕ್ಷ ಪಾಸ್ಕಲ್ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಅಷ್ಟನ್ನಾದರೂ ಹರಳಿನೊಳಕ್ಕೆ ತಳ್ಳಬಹುದೇ ಎಂದರೆ ಅಲ್ಲಿಯೂ ತೊಡಕು. ಗಾಳಿ ಹಗುರ ಮತ್ತು ಮೆತ್ತನೆಯದು, ಪಿಂಗಾಣಿಯಂಥ ಪೀಜೋ ವಸ್ತು ಭಾರ ಮತ್ತು ಗಡುಸು. ಇಂಥ ಎರಡು ಮಾಧ್ಯಮಗಳು ಕೂಡುವಲ್ಲಿ ಸದ್ದು ಒಳಹೋಗದೆ ಹಿಂದಿರುಗುತ್ತದೆ. ಗಾಳಿಯಿಂದ ನೇರವಾಗಿ ಗಟ್ಟಿ ಪೀಜೋ ತುಂಡಿನೊಳಗೆ ಇಳಿಯುವುದು ಹೆಚ್ಚೂಕಡಿಮೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಬೆಟ್ಟದ ಬಂಡೆಗೆ ಕೂಗಿದರೆ ಪ್ರತಿಧ್ವನಿ ಬರುವುದೂ ಇದರಿಂದಲೇ. ನಮ್ಮ ಕಿವಿಗೂ ಈ ಕಷ್ಟವಿತ್ತು. ಒಳಕಿವಿಯಲ್ಲಿರುವುದು ದ್ರವ, ಗಾಳಿಯ ಸದ್ದು ನೇರವಾಗಿ ಅದಕ್ಕೆ ಬಡಿದರೆ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಹೊಕ್ಕೀತು. ಅದಕ್ಕೆಂದೇ ನಡುವೆ ಮೂರು ಪುಟ್ಟ ಮೂಳೆಗಳಿವೆ. ಅಗಲವಾದ ಕಿವಿತಮಟೆ ಸಂಗ್ರಹಿಸಿದ ಒತ್ತಡವನ್ನು ಅವು ಸನ್ನೆಗೋಲಿನಂತೆ ಹೊತ್ತು, ತಮಟೆಯ ಸುಮಾರು ಹದಿನೇಳರಲ್ಲೊಂದು ಪಾಲಿನಷ್ಟು ಸಣ್ಣ ಕಿಂಡಿಯ ಮೇಲೆ ಒತ್ತುತ್ತವೆ. ಎಂಜಿನಿಯರುಗಳು ತೆಳುವಾದ ಪೊರೆ, ತೆಳುವಾದ ಬಿಲ್ಲೆ ಎಂದೆಲ್ಲ ಹುಡುಕುವುದು ಇದೇ ಉಪಾಯಕ್ಕಾಗಿ. ಗಟ್ಟಿ ತುಂಡನ್ನು ಒತ್ತುವುದಕ್ಕಿಂತ ತೆಳು ಹಾಳೆಯನ್ನು ಬಾಗಿಸುವುದು ಗಾಳಿಗೆ ಸುಲಭ.

ಮತ್ತೊಂದು ಉಪಾಯ ಅನುನಾದ, ಎಂದರೆ ಪಾತ್ರೆಯೊಂದು ತನಗೊಗ್ಗಿದ ಸ್ವರಕ್ಕೆ ಮಾತ್ರ ಜೋರಾಗಿ ಓಗೊಡುವುದು. ನಲ್ಲಿಯ ಕೆಳಗೆ ಕೊಡ ಇಟ್ಟು ಒಳಗೆ ಹೋದ ಗೃಹಿಣಿ, ಕೊಡ ತುಂಬಿತೆಂದು ಸದ್ದಿನಿಂದಲೇ ತಿಳಿದು ಓಡಿ ಬರುತ್ತಾರೆ. ನೀರು ಏರಿದಂತೆಲ್ಲ ಒಳಗಿನ ಗಾಳಿಯ ಜಾಗ ಕಿರಿದಾಗಿ ಸ್ವರ ಏರುತ್ತದೆ. ಕುತ್ತಿಗೆಯ ಗಾಳಿ ಒಂದು ಭಾರದಂತೆ, ಹೊಟ್ಟೆಯ ಗಾಳಿ ಒಂದು ಸ್ಪ್ರಿಂಗಿನಂತೆ ವರ್ತಿಸುವ ಇಂಥ ಪಾತ್ರೆಗಳನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಆಳವಾಗಿ ಪರಿಶೀಲಿಸಿದ. ಅವು ಅವನ ಹೆಸರಿನಲ್ಲಿಯೇ ಉಳಿದಿವೆ. ಮೇಜಿನ ಮೇಲಿರುವ ಬಾಟಲಿ ಅಂಥದೊಂದು ಪಾತ್ರೆ. ಅದರ ಅಳತೆಗೆ ಲೆಕ್ಕ ಹಾಕಿದರೆ ಸ್ವರ 170 ಹರ್ಟ್ಸ್ ಸುತ್ತಮುತ್ತ ಬರುತ್ತದೆ. ಆ ಸ್ವರ ಬಂದಾಗ ಬಾಟಲಿಯೊಳಗಿನ ಒತ್ತಡ ಹೊರಗಿನದಕ್ಕಿಂತ ಹಲವು ಪಟ್ಟು ಏರುತ್ತದೆ. ಉಳಿದ ಸ್ವರಗಳಿಗೆ ಅದು ಕಿವುಡು. ರಸ್ತೆಯ ಗದ್ದಲವಾದರೋ ಲಾರಿಯ ಗುಡುಗಿನಿಂದ ಬ್ರೇಕಿನ ಕೀರಲಿನವರೆಗೆ ಎಲ್ಲ ಸ್ವರಗಳ ಸಂತೆ. ಅದರಲ್ಲಿ ಒಂದು ಎಳೆಯನ್ನು ಮಾತ್ರ ನಾವು ಹಿಡಿದಂತಾಗುತ್ತದೆ. ಕೆಳಸ್ವರಗಳನ್ನು ಹಿಡಿಯಲು ಪಾತ್ರೆ ದೊಡ್ಡದಿರಬೇಕು, ಏಕೆಂದರೆ 100 ಹರ್ಟ್ಸ್ ಸದ್ದಿನ ಅಲೆಯುದ್ದವೇ ಮೂರೂವರೆ ಮೀಟರಿನ ಹತ್ತಿರ.

ಇಲ್ಲಿ ವಿಜಯಪುರದ ಗೋಲಗುಮ್ಮಟದ ಪ್ರಸ್ತಾಪ ಬಂದೇ ಬರುತ್ತದೆ. ಅಲ್ಲಿ ಒಂದು ಕಡೆ ಪಿಸುಗುಟ್ಟಿದ್ದು ಗುಮ್ಮಟದ ಆಚೆ ಬದಿಯವರಿಗೆ ಕೇಳಿಸುತ್ತದಲ್ಲ, ಆ ವಿದ್ಯೆಯಿಂದ ಸದ್ದನ್ನು ಹೆಚ್ಚಿಸಬಾರದೇ ಎಂದು ಒಬ್ಬರು ಪ್ರಾಮಾಣಿಕವಾಗಿ ಕೇಳಿದ್ದರು. ಸರ್ ಸಿ.ವಿ. ರಾಮನ್ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುಮೊಗಸಾಲೆಯ ಮೇಲೂ ನಮ್ಮ ಗೋಲಗುಮ್ಮಟದ ಮೇಲೂ 1920ರ ದಶಕದ ಆರಂಭದಲ್ಲಿ ಬರೆದಿದ್ದಾರೆ. ಅಲ್ಲಿ ಸದ್ದು ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುತ್ತದೆ, ಎಲ್ಲ ದಿಕ್ಕಿಗೂ ಹರಡಿ ತೆಳುವಾಗುವುದಿಲ್ಲ. ಕೇಳಿಸಲು ಅಷ್ಟು ಸಾಕು. ಪಿಸುಮಾತಿನಲ್ಲಿ ಇದ್ದುದಕ್ಕಿಂತ ಹೆಚ್ಚೇನೂ ಆಚೆ ಬದಿಗೆ ಸೇರುವುದಿಲ್ಲ. ಕೇಳಿದವರಿಗೆ ಈ ಉತ್ತರ ನಿರಾಸೆ ತಂದಿತೆಂದು ಕಾಣುತ್ತದೆ.

ಸಂಗ್ರಹಿಸಿದ್ದನ್ನು ಕೂಡಿಡುವುದರಲ್ಲಿಯೂ ಒಂದು ಸುಂಕವಿದೆ. ಬಿಲ್ಲೆಯಿಂದ ಬರುವುದು ಹಿಂದೆಮುಂದೆ ತುಯ್ಯುವ ವಿದ್ಯುತ್ತು. ಅದನ್ನು ಒಂದೇ ದಿಕ್ಕಿಗೆ ತಿರುಗಿಸಲು ಡಯೋಡ್ ಬೇಕು. ಸಿಲಿಕಾನ್ ಡಯೋಡ್ ಸರಿಯಾಗಿ ಬಾಗಿಲು ತೆರೆಯುವುದು 0.6 ವೋಲ್ಟ್ ಬಂದ ಮೇಲೆ, ಜರ್ಮೇನಿಯಂ ಆದರೆ 0.2 ಅಥವಾ 0.3. ಮಾತಿನ ಸದ್ದಿಗೆ ನನ್ನ ಬಿಲ್ಲೆ ಕೊಡುವುದು ಕೆಲವು ಮಿಲಿವೋಲ್ಟ್. ಬಾಗಿಲ ಸುಂಕಕ್ಕೇ ಸಾಲದ ಸರಕು ಒಳಗೆ ಬರುವುದಾದರೂ ಹೇಗೆ?

ಇಷ್ಟೆಲ್ಲ ಕೇಳಿ, ಪರಿವರ್ತನೆಯ ವಿದ್ಯೆಯೇ ಕಳಪೆ ಎಂದು ನೀವು ತೀರ್ಮಾನಿಸಿದರೆ ಅದು ಅನ್ಯಾಯವಾದೀತು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಬಾಕ್‌ಹೌಸ್ ಮತ್ತು ಸ್ವಿಫ್ಟ್ ಎಂಬಿಬ್ಬರು 1999ರಲ್ಲಿ ಒಂದು ಶಾಖಧ್ವನಿ ಎಂಜಿನ್ನನ್ನು ವರದಿ ಮಾಡಿದರು. ಅದರಲ್ಲಿ ಪಿಸ್ಟನ್ನೂ ಇಲ್ಲ, ಕವಾಟವೂ ಇಲ್ಲ; ವಾತಾವರಣದ ಮೂವತ್ತು ಪಟ್ಟು ಒತ್ತಡದಲ್ಲಿ ಹೀಲಿಯಂ ತುಂಬಿದ ಕೊಳವೆಯೊಂದರ ಒಂದು ಭಾಗವನ್ನು ಕಾಯಿಸಿದರೆ ಅನಿಲ ತಾನಾಗಿಯೇ ಹಾಡತೊಡಗುತ್ತದೆ. ಆ ಹಾಡಿನ ಶಕ್ತಿ 710 ವ್ಯಾಟ್, ಕೊಟ್ಟ ಶಾಖದ ಶೇಕಡಾ 30. ಅಂಥ ಸದ್ದನ್ನು ಸುರುಳಿ ಮತ್ತು ಅಯಸ್ಕಾಂತದ ಜನರೇಟರಿಗೆ ಕೊಟ್ಟರೆ ಒಳ್ಳೆಯ ಪಾಲು ವಿದ್ಯುತ್ತಾಗುತ್ತದೆ. ಚಿನ್ನಸ್ವಾಮಿಯ ನಲವತ್ತು ಸಾವಿರ ಕಂಠಗಳ ಸುಮಾರು ಹದಿನೆಂಟು ಪಟ್ಟು ಶಕ್ತಿ ಒಂದು ಮುಚ್ಚಿದ ಕೊಳವೆಯೊಳಗೆ! ಆದರೆ ಗಮನಿಸಿ, ಆ ಸದ್ದನ್ನು ಹುಟ್ಟಿಸಲು ಶಾಖ ಕೊಟ್ಟಿದ್ದಾರೆ. ನಮ್ಮ ಪ್ರಶ್ನೆಯಿದ್ದದ್ದು ಸುತ್ತಮುತ್ತ ಬಿಟ್ಟಿ ಬಿದ್ದಿರುವ ಸದ್ದಿನ ಬಗ್ಗೆ.

ಆ ಬಿಟ್ಟಿ ಸದ್ದಿನ ಮೇಲೂ ಗಂಭೀರವಾದ ಕೆಲಸ ನಡೆದಿದೆ. ಜಾರ್ಜಿಯಾ ಟೆಕ್‌ನ ಝೋಂಗ್ ಲಿನ್ ವಾಂಗ್ ತಂಡದವರು 2012ರಲ್ಲಿ, ಎರಡು ವಸ್ತುಗಳು ತಾಗಿ ಬಿಡುವಾಗ ಹುಟ್ಟುವ ಆವೇಶದಿಂದ ವಿದ್ಯುತ್ತು ಪಡೆಯುವ ಸಾಧನವನ್ನು ರೂಪಿಸಿದರು. ಬಾಚಣಿಗೆಯನ್ನು ಒಣಕೂದಲಿಗೆ ತಿಕ್ಕಿ ಕಾಗದದ ಚೂರು ಎತ್ತುತ್ತಿದ್ದ ನಮ್ಮ ಬಾಲ್ಯದ ಆಟದ ಸುಧಾರಿತ ರೂಪ ಅದು. ಸದ್ದಿಗಾಗಿ ಅವರು 2015ರಲ್ಲಿ ಸುರುಳಿ ಸುತ್ತಬಹುದಾದ ಕಾಗದದ ಸಾಧನವನ್ನೇ ಮಾಡಿ ತೋರಿಸಿದರು. ಅದರ ದಪ್ಪ 125 ಮೈಕ್ರಾನ್. ಚದರ ಮೀಟರಿಗೆ 121 ಮಿಲಿವ್ಯಾಟ್ ಸಿಕ್ಕಿತು. ಪತ್ರಿಕೆಗಳು ಇಲ್ಲಿಗೆ ನಿಲ್ಲಿಸುತ್ತವೆ. ಮುಂದಿನ ಪದವನ್ನೂ ಓದಬೇಕು: 117 ಡೆಸಿಬೆಲ್‌ನಲ್ಲಿ. ಅಷ್ಟು ಸದ್ದಿನಲ್ಲಿ ಬಂದುಬೀಳುವುದು ಅರ್ಧ ವ್ಯಾಟ್, ಆದ್ದರಿಂದ ಕಾಲು ಭಾಗ ವಿದ್ಯುತ್ತಾಗಿದೆ. ಕಾಗದದ ತುಂಡಿಗೆ ಇದು ನಿಜಕ್ಕೂ ಶ್ಲಾಘನೀಯ. ಆದರೆ 67 ಡೆಸಿಬೆಲ್‌ನ ಕಚೇರಿಗೆ ಅದನ್ನು ತಂದರೆ ಬರುವ ಸದ್ದೇ ಲಕ್ಷದಲ್ಲೊಂದು ಪಾಲಾಗುತ್ತದೆ, 121 ಮಿಲಿವ್ಯಾಟ್ ಹೋಗಿ ಹೆಚ್ಚೆಂದರೆ ಒಂದೂಕಾಲು ಮೈಕ್ರೋವ್ಯಾಟ್ ಉಳಿಯುತ್ತದೆ.

ಫ್ಲಾರಿಡಾ ವಿಶ್ವವಿದ್ಯಾಲಯದವರು ಹಿಡಿದ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಸದ್ದು ನಿಜವಾಗಿ ಅಪಾರವಾಗಿರುವ ಜಾಗವನ್ನು, ಎಂದರೆ ಜೆಟ್ ಎಂಜಿನ್ನಿನ ಹೊದಿಕೆಯನ್ನು ಅವರು ಆರಿಸಿಕೊಂಡರು. ಆ ಹೊದಿಕೆಯ ಒಳಗೋಡೆಯಲ್ಲಿ ಸದ್ದನ್ನು ಹೀರಲು ಈಗಾಗಲೇ ತೂತಿನ ತಗಡು, ಅದರ ಹಿಂದೆ ಜೇನುಗೂಡಿನಂಥ ಕೋಣೆಗಳು ಇರುತ್ತವೆ. ಪ್ರತಿಯೊಂದು ಕೋಣೆಯೂ ನನ್ನ ಬಾಟಲಿಯ ತಮ್ಮನೇ. ಅಂಥ ಕೋಣೆಯ ಹಿಂಬದಿಗೆ ಅತಿಸಣ್ಣ ಪೀಜೋ ಪೊರೆ ಇಟ್ಟರೆ ಅಲ್ಲಿನ ಸಂವೇದಕಗಳಿಗೆ ತಂತಿ ಎಳೆಯುವ, ಬ್ಯಾಟರಿ ಬದಲಿಸುವ ತಾಪತ್ರಯ ತಪ್ಪೀತು ಎಂಬುದು ಅವರ ಆಲೋಚನೆ. 2006ರಲ್ಲಿ ಅವರು ಪ್ರಕಟಿಸಿದ ಅಳತೆ: 149 ಡೆಸಿಬೆಲ್‌ನಲ್ಲಿ ಚದರ ಸೆಂಟಿಮೀಟರಿಗೆ 0.34 ಮೈಕ್ರೋವ್ಯಾಟ್. 149 ಡೆಸಿಬೆಲ್ ಎಂದರೆ ನಡುಹಗಲ ಬಿಸಿಲಿಗೆ ಸಮೀಪದ ಶಕ್ತಿ. ಅದರಲ್ಲಿ ದಕ್ಕಿದ್ದು ಎರಡು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತಯಾರಿಕೆ ಸುಧಾರಿಸಿದರೆ 250 ಮೈಕ್ರೋವ್ಯಾಟ್ ಸಾಧ್ಯ ಎಂದು ಅವರೇ ಅಂದಾಜಿಸಿದ್ದರು. ಸಂವೇದಕವೊಂದು ಬಹುಕಾಲ ನಿದ್ರಿಸುತ್ತಾ, ಆಗಾಗ ಎದ್ದು ಕೆಲವು ಮಿಲಿಸೆಕೆಂಡು ಸುದ್ದಿ ಕಳುಹಿಸಿ ಮತ್ತೆ ಮಲಗುವಂತಿದ್ದರೆ ಅಷ್ಟರಲ್ಲಿ ಅದರ ಸಂಸಾರ ನಡೆಯುತ್ತದೆ.

ಸದ್ದಿನಿಂದಲೇ ವಿದ್ಯುತ್ತು ಹುಟ್ಟಿಸಿ, ಅದನ್ನು ದಿನನಿತ್ಯ ಬಳಸಿದ ಒಂದು ಹಳೆಯ ಉಪಕರಣ ನಮ್ಮ ಕಣ್ಣೆದುರಿಗೇ ಇತ್ತು, ನಾವು ಅದನ್ನು ಹಾಗೆ ನೋಡಲಿಲ್ಲ. 1877ರಲ್ಲಿ ಬಳಕೆಗೆ ಬಂದ ಬೆಲ್ ಅವರ ಟೆಲಿಫೋನುಗಳಲ್ಲಿ ಬ್ಯಾಟರಿ ಇರಲಿಲ್ಲ. ಮಾತನಾಡಿದಾಗ ಕಬ್ಬಿಣದ ತೆಳು ಹಾಳೆ ಅಯಸ್ಕಾಂತದ ಮುಂದೆ ಅಲುಗುತ್ತಿತ್ತು, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತಿತ್ತು, ತಂತಿಯ ಆಚೆ ತುದಿಯಲ್ಲಿ ಇನ್ನೊಂದು ಹಾಳೆಯನ್ನು ಅದೇ ವಿದ್ಯುತ್ತು ಅಲುಗಿಸುತ್ತಿತ್ತು. ಮಾತನಾಡುವವನ ಉಸಿರೇ ಅದರ ಪವರ್ ಹೌಸು. ಅದೇ ತತ್ತ್ವದ ಫೋನುಗಳನ್ನು ಯುದ್ಧನೌಕೆಗಳು ಇಂದಿಗೂ ಇಟ್ಟುಕೊಂಡಿವೆ. ಗುಂಡು ತಗುಲಿ ಹಡಗಿನ ವಿದ್ಯುತ್ತೆಲ್ಲ ಹೋದರೂ ಎಂಜಿನ್ ಕೋಣೆಯವನು ಮೇಲಟ್ಟದವನೊಡನೆ ಮಾತನಾಡಬಲ್ಲ. ಆದರೆ ಊರಿಂದೂರಿಗೆ ಮಾತು ಹೋಗುವಷ್ಟು ಕಸುವು ಅದಕ್ಕಿರಲಿಲ್ಲ. ಆಗ ಬಂದದ್ದು ಎಡಿಸನ್ ಮೊದಲಾದವರ ಇಂಗಾಲದ ಮೈಕು. ಇಂಗಾಲದ ಕಣಗಳನ್ನು ಸದ್ದು ಒತ್ತಿದಾಗ ಅವುಗಳ ಮೂಲಕ ಬ್ಯಾಟರಿಯಿಂದ ಹರಿಯುವ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತದೆ. ಅಲ್ಲಿಗೆ ಸದ್ದು ನೀರು ಹೊರುವ ಕೆಲಸ ಬಿಟ್ಟು ನಲ್ಲಿ ತಿರುಗಿಸುವ ಕೆಲಸಕ್ಕೆ ನಿಂತಿತು. ನಲ್ಲಿ ತಿರುಗಿಸಲು ಎಷ್ಟು ಬಲ ಬೇಕು?

ಇತ್ತೀಚಿನ ಸಂಶೋಧನೆಯ ಒಂದು ಕವಲು ಅದೇ ಜಾಣತನಕ್ಕೆ ಮರಳಿದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2015ರಲ್ಲಿ ಎನ್-ಝೀರೋ ಎಂಬ ಯೋಜನೆ ಆರಂಭಿಸಿತು. ಕಾಡಿನಲ್ಲೋ ಗಡಿಯಲ್ಲೋ ಇಟ್ಟ ಸಂವೇದಕ 10 ನ್ಯಾನೋವ್ಯಾಟ್‌ಗಿಂತ ಹೆಚ್ಚು ಖರ್ಚು ಮಾಡದೆ ಮಲಗಿರಬೇಕು, ತಾನು ಕಾಯುತ್ತಿರುವ ಸದ್ದು ಬಂದಾಗ ಆ ಸದ್ದಿನ ಶಕ್ತಿಯೇ ಅದನ್ನು ಎಬ್ಬಿಸಬೇಕು ಎಂಬುದು ಗುರಿ. ಎದ್ದ ಮೇಲಿನ ಕೆಲಸಕ್ಕೆ ಪುಟ್ಟ ಬ್ಯಾಟರಿ ಇದ್ದೇ ಇದೆ, ಮಲಗಿದ್ದಾಗ ಖರ್ಚಿಲ್ಲದ್ದರಿಂದ ಅದು ವರ್ಷಗಟ್ಟಲೆ ಬಾಳುತ್ತದೆ. ಆನೆ ಬಂದಾಗ ಮಾತ್ರ ಏಳುವ ಕಾವಲುಗಾರನೊಬ್ಬ ನಮ್ಮ ಕೊಡಗಿನ, ಸಕಲೇಶಪುರದ ತೋಟಗಳಿಗೂ ಬೇಕಾಗಿದ್ದಾನೆ. ಎಂಜಿನಿಯರಿಂಗ್ ಓದುತ್ತಿರುವವರು ಯಾರಾದರೂ ಇಲ್ಲಿದ್ದರೆ ಬೀದಿದೀಪದ ಮಾದರಿ ಬಿಟ್ಟು ಇದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಸರಿ, ಈಗ ಮೀಟರ್ ಮುಟ್ಟಿಸೋಣ. ಮುಂದಿನ ಸಾಲಿನ ಹುಡುಗ ಬಂದು ಓದಿ ಹೇಳುತ್ತಿದ್ದಾನೆ: 2 ಮಿಲಿವೋಲ್ಟ್. ಅಷ್ಟೂ ಹೊತ್ತಿನ ನನ್ನ ಮಾತು, ನಡುವಿನ ನಿಮ್ಮ ನಗು, ಹೊರಗೆ ಹೋದ ಆ್ಯಂಬುಲೆನ್ಸು ಎಲ್ಲ ಸೇರಿ ಕೆಪಾಸಿಟರಿನಲ್ಲಿ ಉಳಿದದ್ದು 0.2 ನ್ಯಾನೋಜೂಲ್. ಇಲ್ಲಿ ಇನ್ನೊಂದು ಬಿಲ್ಲೆಯಿದೆ, ಇದಕ್ಕೆ ನೇರವಾಗಿ ಒಂದು ಕೆಂಪು ಎಲ್‌ಇಡಿ ಬೆಸೆದಿದ್ದೇನೆ. ದೀಪ ಆರಿಸಿ. ಹುಡುಗನಿಗೆ ಹೇಳಿದ್ದೇನೆ, ಉಗುರಿನಿಂದ ಒಮ್ಮೆ ಟಕ್ಕೆಂದು ತಟ್ಟಲು. ಹಿಂದಿನ ಸಾಲಿನವರಿಗೂ ಆ ಕೆಂಪು ಮಿಂಚು ಕಂಡಿತೇ?